ಕತಾರ್ ಪರ ಓಡಿದರೆ ಭಾರತದ ಪಾಸ್‌ಪೋರ್ಟ್ ಉಳಿಯುತ್ತದೆಯೇ?

ನೀವು ಕೇಳಿದ್ದು ಮೂರು ವಿಷಯ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕುಟುಂಬ, ದೋಹಾದಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗನಿಗೆ 17 ವರ್ಷ, 400 ಮೀಟರ್ ಓಡುತ್ತಾನೆ. ಅಲ್ಲಿನ ಕೋಚ್ ಒಬ್ಬರು "ಪಾಸ್‌ಪೋರ್ಟ್ ನಾವು ಮಾಡಿಸುತ್ತೇವೆ, ಕತಾರಿಗೆ ಓಡಲಿ" ಎಂದಿದ್ದಾರೆ. ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬಹುದೇ, ಸರಿಹೋಗದಿದ್ದರೆ ವಾಪಸ್ ಬಂದು ಭಾರತಕ್ಕೆ ಓಡಬಹುದೇ, ಅಜ್ಜನ ಅಡಿಕೆ ತೋಟದ ಪಾಲಿಗೆ ಏನಾದರೂ ತೊಂದರೆಯೇ?

ಇಟ್ಟುಕೊಳ್ಳಲಾಗದು. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಇಷ್ಟಪಟ್ಟು ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ್ದು ತಾನಾಗಿ ಹೋಗುತ್ತದೆ. ಯಾರೂ ರದ್ದು ಮಾಡಬೇಕಾಗಿಲ್ಲ, ನೋಟಿಸೂ ಬರುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಕಪಾಟಿನಲ್ಲಿಟ್ಟು ಸುಮ್ಮನಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದನ್ನು ಬಳಸುವುದು ಅಪರಾಧ. ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳದಿದ್ದರೆ ಮುಂದೆ ಒಸಿಐ ಕಾರ್ಡಿಗೂ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು) ತಡೆ ಬೀಳುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಕೋಚ್ ಹೇಳಿದ ಆ "ಪಾಸ್‌ಪೋರ್ಟ್" ಎಂಬ ಶಬ್ದ. ಪಾಸ್‌ಪೋರ್ಟ್ ಬೇರೆ, ಪೌರತ್ವ ಬೇರೆ. ಕತಾರಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಹೊರಗಿನ ಆಟಗಾರರಿಗೆ ಇಷ್ಟು ಅವಧಿಗೆಂದು ಕೊಡುವ 'ಮಿಷನ್ ಪಾಸ್‌ಪೋರ್ಟ್' ಅಲ್ಲಿ ಚಾಲ್ತಿಯಲ್ಲಿದೆ. ಅವಧಿ ಮುಗಿದರೆ, ಇಲ್ಲವೇ ಓಟ ನಿಂತರೆ, ಅದೂ ಮುಗಿಯಿತು. ಭಾರತದ ಪೌರತ್ವ ನಿಯಮಗಳ ಮೂರನೇ ಅನುಸೂಚಿ ಮಾತ್ರ ಈ ವ್ಯತ್ಯಾಸ ಎಣಿಸುವುದಿಲ್ಲ. ಬೇರೆ ಸರಕಾರದಿಂದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವ ಪಡೆದದ್ದಕ್ಕೆ ಅಂತಿಮ ಪುರಾವೆ ಎಂದು ಅದರಲ್ಲಿದೆ. ಅಂದರೆ ಎರಡು ಮೂರು ವರ್ಷ ಬಾಳುವ ಪುಸ್ತಕಕ್ಕಾಗಿ ಜೀವಮಾನದ್ದು ಹೋಗುವ ಸಾಧ್ಯತೆ ಇದೆ. ಆದ್ದರಿಂದ ಕೋಚ್ ಹತ್ತಿರ ಮೊದಲು ಕೇಳಬೇಕಾದ್ದು ಸಂಬಳವನ್ನಲ್ಲ. ಕೊಡುವುದು ಪೂರ್ಣ ಪೌರತ್ವವೇ, ಓಟ ಬಿಟ್ಟ ಮೇಲೂ ಉಳಿಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರೆಹದಲ್ಲಿ ತೆಗೆದುಕೊಳ್ಳಿ.

ಇನ್ನು ಓಟದ ನಿಯಮ. ದೇಶ ಬದಲಾವಣೆಯನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಪೂರ್ತಿ ನಿಲ್ಲಿಸಿ, 2018ರಲ್ಲಿ ಬಿಗಿ ಷರತ್ತುಗಳೊಡನೆ ಮತ್ತೆ ತೆರೆಯಿತು: ಕನಿಷ್ಠ 3 ವರ್ಷ ಕಾಯಬೇಕು, 20 ತುಂಬುವ ಮುಂಚೆ ಇಲ್ಲ, ಬದಲಾವಣೆ ಒಂದೇ ಸಲ, ಹೊಸ ದೇಶ ಪೂರ್ಣ ಪೌರತ್ವ ಕೊಟ್ಟಿರಬೇಕು. ಇದು ಈಗಾಗಲೇ ಒಂದು ದೇಶದ ಜೆರ್ಸಿ ತೊಟ್ಟವರಿಗೆ. ಉಪಜಿಲ್ಲೆ, ಜಿಲ್ಲೆ, ರಾಜ್ಯ, ರಾಷ್ಟ್ರೀಯ ಕೂಟಗಳಲ್ಲಿ ಓಡಿದ್ದು ಇದರ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವ ಅಂಡರ್-20ಯಂಥ ಕೂಟದಲ್ಲಿ ಒಮ್ಮೆ ಟ್ರ್ಯಾಕಿಗಿಳಿದರೆ ಬೀಗ ಬಿದ್ದಂತೆ. ಹಾಗಾಗಿ ಮನೆಯಲ್ಲಿ ತೀರ್ಮಾನ ಆಗುವವರೆಗೆ ಯಾವ ದೇಶದ ಪರವಾಗಿಯೂ ಅಂಥ ಕೂಟಕ್ಕೆ ಹೆಸರು ಕೊಡಬೇಡಿ.

ಒಲಿಂಪಿಕ್ಸ್‌ನ ಕಾಯುವ ಅವಧಿ ಕಡಿಮೆಯಾಗಬೇಕಾದರೆ ಹಳೆಯ ದೇಶದ ಮರ್ಜಿಯೂ ಬೇಕಾಗುತ್ತದೆ. ಕೆನ್ಯಾದ ಸ್ಟೀಫನ್ ಚೆರೋನೊ 2003ರಲ್ಲಿ ಸೈಫ್ ಸಯೀದ್ ಶಹೀನ್ ಆಗಿ ಕತಾರಿಗೆ ಹೋದ, ಅದೇ ವರ್ಷ ಪ್ಯಾರಿಸ್‌ನಲ್ಲಿ ಸ್ಟೀಪಲ್‌ಚೇಸ್ ವಿಶ್ವ ಚಾಂಪಿಯನ್ ಆದ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮಾತ್ರ ಹೋಗಲಾಗಲಿಲ್ಲ. ಒಲಿಂಪಿಕ್ ನಿಯಮದ 3 ವರ್ಷಗಳ ಕಾಯುವಿಕೆಯನ್ನು ಕಡಿಮೆ ಮಾಡಲು ಕೆನ್ಯಾ ಒಪ್ಪಲಿಲ್ಲ. ವಿಶ್ವದಾಖಲೆ ಮಾಡುವಷ್ಟು ಫಾರ್ಮಿನಲ್ಲಿದ್ದ ವರ್ಷವೇ ಆತ ಹೊರಗೆ ನಿಂತ.

ಇನ್ನೊಂದು, ಇದು ನನ್ನ ಅಭಿಪ್ರಾಯ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಕತಾರಿಗೆ 400 ಮೀಟರ್ ಚಿನ್ನ ತಂದ ಫೆಮಿ ಒಗುನೋಡೆ ನೈಜೀರಿಯದಲ್ಲಿ ಹುಟ್ಟಿದವನು. ಇವತ್ತು ನಿಮ್ಮ ಹುಡುಗನನ್ನು ಕರೆಯುವವರಿಗೆ ನಾಳೆ ಇನ್ನೂ ಒಂದು ಸೆಕೆಂಡ್ ಬೇಗ ಓಡುವವನು ಸಿಕ್ಕಾನು. ಆಗ ಇವನ ಪಾಸ್‌ಪೋರ್ಟಿನ ಗತಿ ಏನು?

ಕ್ರಿಕೆಟ್ ಆಗಿದ್ದರೆ ಇಷ್ಟು ತಲೆಬಿಸಿ ಇರಲಿಲ್ಲ. ಐಸಿಸಿಗೆ 3 ವರ್ಷ ಅಲ್ಲೇ ನೆಲೆಸಿದ್ದು ಸಾಕು, ಪಾಸ್‌ಪೋರ್ಟ್ ಯಾವುದಾದರೂ ಆದೀತು. ತಲಶ್ಶೇರಿಯ ಸಿ. ಪಿ. ರಿಜ್ವಾನ್ 2022ರ ಟಿ20 ವಿಶ್ವಕಪ್‌ನಲ್ಲಿ ಯುಎಇ ನಾಯಕ. ಆದರೆ 2028ರಲ್ಲಿ ಕ್ರಿಕೆಟ್ ಸೇರುವ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆ ದೇಶದ ಪೌರತ್ವವೇ ಬೇಕು. ಫುಟ್‌ಬಾಲ್‌ನಲ್ಲಿ ಫಿಫಾ ಕೇಳುವುದು ವಾಸವನ್ನು ಅವಲಂಬಿಸದ ಶಾಶ್ವತ ರಾಷ್ಟ್ರೀಯತೆ.

ವಾಪಸ್ ಬರುವ ಮಾತು. 2008ರಿಂದ ಭಾರತ ತಂಡಕ್ಕೆ ಭಾರತೀಯ ಪಾಸ್‌ಪೋರ್ಟ್ ಇದ್ದವರು ಮಾತ್ರ, ಒಸಿಐ ನಡೆಯದು. ಮೊದಲು ಪೌರರಾಗಿದ್ದವರು ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದು ನೋಂದಣಿಗೆ ಅರ್ಜಿ ಹಾಕಬಹುದು. ಕಾಸರಗೋಡಿನವರಿಗೆ ಅದು ವಿದ್ಯಾನಗರದ ಕಲೆಕ್ಟರೇಟ್ ಮೂಲಕ ದೆಹಲಿಗೆ ಹೋಗಬೇಕು. ಕತಾರಿನದ್ದು ಬಿಡಬೇಕು. ಅದರ ಮೇಲೆ ಓಟದ 3 ವರ್ಷ, ಇದ್ದ ಒಂದೇ ಬದಲಾವಣೆಯೂ ಖರ್ಚು. 22ಕ್ಕೆ ಮನಸ್ಸು ಬದಲಾದರೂ ಮತ್ತೆ ಬ್ಲಾಕಿನಲ್ಲಿ ಕೂರುವಾಗ 26 ಆಗಿರುತ್ತದೆ.

ತೋಟದ ಪಾಲು ಹೋಗುವುದಿಲ್ಲ. ಒಸಿಐ ಆದವನು ಕೃಷಿಭೂಮಿ, ತೋಟ ಕ್ರಯಕ್ಕೆ ತೆಗೆದುಕೊಳ್ಳುವಂತಿಲ್ಲ, ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ಉತ್ತರಾಧಿಕಾರವಾಗಿ ಬಂದರೆ ಅಡ್ಡಿಯಿಲ್ಲ. ಎನ್‌ಆರ್‌ಐ ಆಗಿರುವ ಈಗಲೂ ಇದೇ ನಿಯಮ, ಆದರೆ ಭಾರತೀಯನಾಗಿಯೇ ಊರಿಗೆ ಬಂದು ನೆಲೆಸಿದರೆ ಆ ತಡೆ ಇರುವುದಿಲ್ಲ. ಅಜ್ಜ ಈಗಲೇ ಮೊಮ್ಮಗನ ಹೆಸರಿಗೆ ಬರೆದುಬಿಡುತ್ತೇನೆ ಎಂದು ಹೊರಟಿದ್ದರೆ ದಾನಪತ್ರ ಬೇಡ, ವೀಲುನಾಮೆ ಮಾಡಿಸಿ.