ಡೀಸೆಲ್ ಪಿಕಪ್ ಅನ್ನು ಆಫ್‌ರೋಡ್ ಪ್ರಯಾಣಕ್ಕೆ ಸಜ್ಜು ಮಾಡಬೇಕು, ಮೊದಲು ಏನು ಹಾಕಿಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಾಲ್ಕು ಬಾಗಿಲಿನ ಡೀಸೆಲ್ ಪಿಕಪ್ ಇದೆ, ಫೋರ್ ಬೈ ಫೋರ್ ಇದೆ, ಇದುವರೆಗೂ ಡಾಂಬರಿನ ಮೇಲೇ ಓಡಿದೆ. ಇನ್ನು ಮುಂದೆ ವಾರಗಟ್ಟಲೆ ಮರಳು, ಕೆಸರು, ಕಲ್ಲುದಾರಿ ಅಂತ ಸುತ್ತುವ ಆಸೆ. ಅದಕ್ಕೆ ಇಂಜಿನ್ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸುವುದು), ನಾಲ್ಕು ಇಂಚು ಲಿಫ್ಟ್ (ಗಾಡಿಯನ್ನು ಎತ್ತರಿಸುವುದು), 33 ಇಂಚಿನ ಟೈರ್, ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ), ಸ್ನಾರ್ಕೆಲ್ (ಇಂಜಿನ್‌ಗೆ ಎತ್ತರದಿಂದ ಗಾಳಿ ತರುವ ಪೈಪ್), ಟಾಪ್ ಮೇಲೆ ಟೆಂಟ್ ಅಂತ ಪಟ್ಟಿ ಮಾಡಿದ್ದೀರಿ. ಇದೇ ಕ್ರಮದಲ್ಲಿ ಮಾಡಿಸಲಾ ಅಂತ ಕೇಳಿದ್ದೀರಿ.

ಬೇಡ. ಮೊದಲನೆಯದನ್ನು ಕೊನೆಗೆ ತಳ್ಳಿ. ಆಮೇಲೆ ನಿಮ್ಮ ಪಟ್ಟಿಯಲ್ಲೇ ಇಲ್ಲದ ಒಂದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಳ್ಳಿ: ತೂಕ.

ನಾನೂ ನಿಮ್ಮ ಹಾಗೇ ಶುರು ಮಾಡಿದವನು. ಕಂಡದ್ದೆಲ್ಲ ಹಾಕಿಸಿದೆ. ಕಬ್ಬಿಣದ ಬಂಪರ್ ಬಂತು, ಅದರ ಹಿಂದೆ ವಿಂಚ್ ಬಂತು, ಲೋಡ್ ಬಾಡಿಗೆ ಮುಚ್ಚಳ, ಮೇಲೆ ಕ್ಯಾರಿಯರ್, ಎರಡನೇ ಸ್ಟೆಪ್ನಿ. ಒಂದು ಸಲ ಪೂರ್ತಿ ಸಾಮಾನು ತುಂಬಿ ಹೊರಟಾಗ ದಾರಿಯಲ್ಲಿ ವೇಬ್ರಿಡ್ಜ್ ಕಂಡಿತು. ಸುಮ್ನೆ ಕುತೂಹಲಕ್ಕೆ ಹತ್ತಿಸಿದೆ. ಚೀಟಿ ನೋಡಿದರೆ ಕಂಪನಿ ಹೇಳಿದ ಗರಿಷ್ಠ ತೂಕಕ್ಕಿಂತ 140 ಕೆಜಿ ಜಾಸ್ತಿ. ಇಬ್ಬರು ಗೆಳೆಯರು ಇನ್ನೂ ಹತ್ತಿಯೇ ಇರಲಿಲ್ಲ!

ಒಂದು ಟನ್ ಹೊರುವ ಗಾಡಿ, ಇದೇನು ಮಹಾ ಅನಿಸುತ್ತದೆ ಅಲ್ವಾ? ಕೂಡಿಸಿ ನೋಡಿ. ಬಂಪರ್ 60 ಕೆಜಿ, ವಿಂಚ್ 35, ಮುಚ್ಚಳ 80, ಕ್ಯಾರಿಯರ್ ಮತ್ತು ಟೆಂಟ್ ಸೇರಿ 90, ಎರಡನೇ ಬ್ಯಾಟರಿ 25, ಹಿಂದೆ ಡ್ರಾಯರ್ ಮತ್ತು ಫ್ರಿಜ್ 100, 60 ಲೀಟರ್ ನೀರು ಅಂದರೆ 60 ಕೆಜಿ, ನಾಲ್ಕು ಜನ ಅಂದರೆ 300. ಅಲ್ಲಿಗೇ 750 ಆಯಿತು. ಟೂಲ್ಸ್, ಬಟ್ಟೆಬರೆ, ಪಾತ್ರೆಪಗಡೆ, ಕ್ಯಾನಿನಲ್ಲಿ ಹೆಚ್ಚಿನ ಡೀಸೆಲ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ತೂಕ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ನಾಲ್ಕು ಬಾಗಿಲಿನ ಪಿಕಪ್‌ನಲ್ಲಿ ಲೋಡ್ ಬಾಡಿಯ ಅರ್ಧದಷ್ಟು ಹಿಂದಿನ ಆಕ್ಸಲ್ಲಿನ ಆಚೆಗೇ ಇರುತ್ತದೆ. ಭಾರವೆಲ್ಲ ಬಾಲಕ್ಕೆ ಹೇರಿ ಗುಂಡಿದಾರಿಯಲ್ಲಿ ಓಡಿಸಿದರೆ ಚಾಸಿಯೇ ಬಗ್ಗುತ್ತದೆ. ಕ್ಯಾಬಿನ್‌ಗೂ ಲೋಡ್ ಬಾಡಿಗೂ ನಡುವೆ ಒಂದು ಸಂದು ಇದೆಯಲ್ಲ, ಅದನ್ನು ಪಕ್ಕದಲ್ಲಿ ನಿಂತು ನೋಡಿ. ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಕಂಡರೆ ಬಾಲ ಇಳಿದಿದೆ ಅಂತಲೇ ಅರ್ಥ. ಹಿಂಭಾಗ ಕುಗ್ಗುತ್ತಿದೆ ಅಂತ ಕೆಲವರು ಗಾಳಿ ತುಂಬುವ ಏರ್‌ಬ್ಯಾಗ್ ಹಾಕಿಸುತ್ತಾರೆ. ಗಾಡಿ ಎತ್ತರಕ್ಕೆ ನಿಲ್ಲುತ್ತದೆ, ನಿಜ. ಆದರೆ ಲೀಫ್ ಸ್ಪ್ರಿಂಗ್ ಭಾರವನ್ನು ಮುಂದೊಂದು ಹಿಂದೊಂದು, ಎರಡು ಕಡೆ ಚಾಸಿಗೆ ಹಂಚುತ್ತದೆ. ಏರ್‌ಬ್ಯಾಗ್ ನಟ್ಟನಡುವೆ ಒಂದೇ ಕಡೆ ಒತ್ತುತ್ತದೆ. ಚಾಸಿ ಬಗ್ಗಿದ ಗಾಡಿಗಳಲ್ಲಿ ಇದರ ಪಾತ್ರವೂ ಎಷ್ಟೋ ಸಲ ಇರುತ್ತದೆ. ಭಾರದ ಸಾಮಾನನ್ನು ಕ್ಯಾಬಿನ್ ಪಕ್ಕಕ್ಕೆ, ಆದಷ್ಟು ತಳಕ್ಕೆ ಇಡಿ. ಇದಕ್ಕೆ ಖರ್ಚೇ ಇಲ್ಲ.

ಈಗ ಹಾಕಿಸುವ ವಿಷಯ. ಕೈಯಲ್ಲಿರುವ ದುಡ್ಡು ಮೊದಲು ಟೈರಿಗೆ ಹೋಗಲಿ. ಗಾಡಿಯ ಜೊತೆ ಬರುವ ಹೈವೇ ಟೈರಿನ ಪಕ್ಕೆ ತೆಳ್ಳಗಿರುತ್ತದೆ, ಚೂಪುಗಲ್ಲು ತಾಗಿದರೆ ಸೀಳುತ್ತದೆ. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಎಲ್ಲ ಬಗೆಯ ನೆಲಕ್ಕೂ ಆಗುವ ಆಲ್ ಟೆರೇನ್, ಅದರಲ್ಲೂ ಸೈಜಿನ ಮುಂದೆ ಎಲ್‌ಟಿ (ಲೈಟ್ ಟ್ರಕ್) ಅಂತ ಬರೆದಿರುವುದು. ಮಡ್ ಟೆರೇನ್ ನೋಡಲು ಭರ್ಜರಿ, ಆದರೆ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಸದ್ದು ಜಾಸ್ತಿ. ದಿನಾ ಕೆಸರಲ್ಲೇ ಇರುವವರಿಗೆ ಅದು ಸರಿ.

ಸೈಜಿನ ಬಗ್ಗೆ ಒಂದು ಸಣ್ಣ ಲೆಕ್ಕ. 245/70 ಆರ್16 ಟೈರಿನ ಎತ್ತರ ಸುಮಾರು 749 ಮಿ.ಮೀ. ಅದೇ ರಿಮ್ಮಿಗೆ 265/70 ಹಾಕಿದರೆ 777. ಎತ್ತರ 28 ಹೆಚ್ಚಿತು, ಆದರೆ ಆಕ್ಸಲ್ ಮೇಲೇರುವುದು ಅದರ ಅರ್ಧ, 14 ಮಿ.ಮೀ. ಮಾತ್ರ. ಕಡಿಮೆ ಅನಿಸಬಹುದು. ಹಿಂದಿನ ಹೌಸಿಂಗ್ (ಆಕ್ಸಲ್ ನಡುವೆ ಗೇರುಗಳಿರುವ ಉಬ್ಬು) ಕಲ್ಲಿಗೆ ತಾಗುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಆ 14 ಮಿ.ಮೀ. ಮೇಲೆಯೇ ನಿಂತಿರುತ್ತದೆ. 33 ಇಂಚು ಅಂದರೆ 838 ಮಿ.ಮೀ., ಮೊದಲು ಹೇಳಿದ 245/70 ಸೈಜಿಗಿಂತ 12 ಶೇಕಡಾ ದೊಡ್ಡದು. ಪ್ರತಿ ಗೇರೂ ಅಷ್ಟೇ ಭಾರವಾಗುತ್ತದೆ, ಏರಿನಲ್ಲಿ ಕ್ಲಚ್ ಒದ್ದಾಡುತ್ತದೆ, ಬ್ರೇಕ್ ಒತ್ತಿದರೆ ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಮಡ್‌ಗಾರ್ಡ್ ಒಳಗೆ ಉಜ್ಜುತ್ತದೆ. ಒಂದು ಸೈಜು ಮೇಲೆ ಹೋಗಿ, ಸಾಕು.

ಟೈರಿನ ಜೊತೆಗೇ ಒಂದು ಒಳ್ಳೆ ಕಂಪ್ರೆಸರ್, ಒಂದು ನಂಬಿಕೆಯ ಗೇಜ್, ಪಂಕ್ಚರ್ ಕಿಟ್ ತಗೊಳ್ಳಿ. ಇವುಗಳ ಬೆಲೆ ನನಗೆ ತಿಳಿದದ್ದು ಒಂದು ಸಂಜೆ, ಮರಳಿನಲ್ಲಿ. ಗಾಡಿ ಆಕ್ಸಲ್ಲಿನವರೆಗೂ ಹೂತಿತ್ತು. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಗುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಬೇರೆ. ಅತ್ತ ಬಂದ ಒಬ್ಬ ವಯಸ್ಸಾದ ಡ್ರೈವರ್ ಇಳಿದು ನೋಡಿದರು. ಇಂಜಿನ್ ಎಷ್ಟು ಪವರ್, ಯಾವ ಮಾಡೆಲ್ ಅಂತ ಏನೂ ಕೇಳಲಿಲ್ಲ. "ಗಾಳಿ ಎಷ್ಟಿದೆ?" ಅಂದರು. 35 ಪಿಎಸ್‌ಐ ಅಂದೆ. ಅವರು ನಕ್ಕು, ಟೈರ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೀಲಿಕೈ ತುದಿಯಿಂದ ವಾಲ್ವಿನ ಪಿನ್ ಒತ್ತಿ ಹಿಡಿದರು. ಪಿಸ್ಸ್ ಅಂತ ಗಾಳಿ ಹೋಗುತ್ತಾ ಟೈರಿನ ಹೊಟ್ಟೆ ಮೆಲ್ಲಗೆ ಉಬ್ಬಿತು. ನಾಲ್ಕಕ್ಕೂ 16ಕ್ಕೆ ಇಳಿಸಿದೆವು. ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಗೆದು ಇಳಿಜಾರು ಮಾಡಿದೆವು. ಲೋ ರೇಂಜ್ (ವೇಗ ಕಡಿಮೆ, ಬಲ ಹೆಚ್ಚು ಕೊಡುವ ಗೇರ್ ಸಾಲು), ಎರಡನೇ ಗೇರ್, ಆಕ್ಸಿಲರೇಟರ್ ಮುಟ್ಟಿದರೂ ಮುಟ್ಟದ ಹಾಗೆ. ಏನೂ ಆಗೇ ಇಲ್ಲ ಅನ್ನುವಂತೆ ಗಾಡಿ ಎದ್ದು ಬಂತು.

ಗಾಳಿ ಇಳಿಸಿದಾಗ ಟೈರ್ ನೆಲಕ್ಕೆ ಕೂರುವ ಜಾಗ ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಬೆಳೆಯುತ್ತದೆ. ಹಾಗಾಗಿ ಅದು ಅಗೆಯುವುದನ್ನು ಬಿಟ್ಟು ಮರಳಿನ ಮೇಲೆ ಉರುಳುತ್ತದೆ. ನಾನು ಮರಳಿಗೆ 15ರಿಂದ 18, ಕಲ್ಲುದಾರಿಗೆ 22ರಿಂದ 26 ಇಡುತ್ತೇನೆ. ತೂಕ ಜಾಸ್ತಿಯಿದ್ದರೆ ಒಂದೆರಡು ಮೇಲೆ. ತೀರಾ ಇಳಿಸಿ ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚುತ್ತದೆ. ಕಡಿಮೆ ಗಾಳಿಯಲ್ಲಿ ವೇಗ ಬೇಡ, ಪಕ್ಕೆ ಕಾದು ಹೋಗುತ್ತದೆ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿ, ಫೋರ್ ವೀಲನ್ನೂ ಬಿಡಿಸಿ. ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕಿಕೊಳ್ಳುವ) ಫೋರ್ ಬೈ ಫೋರ್ ಆದರೆ ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಎರಡನೆಯದು ಡೀಸೆಲ್ ಫಿಲ್ಟರ್. ಇದರ ಫೋಟೋ ಯಾರೂ ಹಾಕುವುದಿಲ್ಲ, ಆದರೆ ನನ್ನ ಪ್ರಕಾರ ವಿಂಚಿಗಿಂತ ಇದು ಮುಖ್ಯ. ಇವತ್ತಿನ ಕಾಮನ್ ರೈಲ್ ಇಂಜಿನ್‌ನಲ್ಲಿ ಡೀಸೆಲ್ ಸುಮಾರು 2000 ಬಾರ್ ಒತ್ತಡದವರೆಗೆ ಹೋಗುತ್ತದೆ, ಇಂಜೆಕ್ಟರಿನ ತೂತುಗಳು ಕೂದಲೆಳೆಯಷ್ಟು. ಅಲ್ಲಿ ಡೀಸೆಲ್ಲೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ನೀರು ನುಗ್ಗಿದರೆ ಪಂಪೂ ಹೋಯಿತು, ಇಂಜೆಕ್ಟರೂ ಹೋಯಿತು. ದೂರದ ಊರುಗಳಲ್ಲಿ ಡ್ರಮ್ಮಿನಿಂದ ಹಾಕಿಸಿಕೊಳ್ಳುವ ಸಂದರ್ಭ ಬಂದೇ ಬರುತ್ತದೆ. ಮೂಲ ಫಿಲ್ಟರಿಗಿಂತ ಮುಂಚೆ, ನೀರು ಬೇರ್ಪಡಿಸುವ 30 ಮೈಕ್ರಾನಿನ ಇನ್ನೊಂದು ಫಿಲ್ಟರ್ ಕೂರಿಸಿ. ತಳದಲ್ಲಿ ಪಾರದರ್ಶಕ ಬಟ್ಟಲು ಇರುವುದಾದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಬಾನೆಟ್ ಎತ್ತಿದಾಗ ಒಂದು ಸಲ ನೋಡಿ. ಡೀಸೆಲ್ ಮೇಲಿರುತ್ತದೆ, ನೀರು ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಕೆಳಗಿನ ತಿರುಪು ಸಡಿಲಿಸಿದರೆ ಇಳಿದು ಹೋಗುತ್ತದೆ. ಎರಡು ಸ್ಪೇರ್ ಫಿಲ್ಟರ್ ಗಾಡಿಯಲ್ಲೇ ಇರಲಿ. ಬದಲಾಯಿಸಿ ಪಂಪ್ ಒತ್ತಿ ಗಾಳಿ ತೆಗೆಯುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ಕಲಿಯಿರಿ.

ಲಿಫ್ಟ್. ನಾಲ್ಕು ಇಂಚು ಖಂಡಿತ ಬೇಡ. ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆ, ಹಿಂದಿನ ಹೌಸಿಂಗನ್ನು ಎತ್ತುವುದಿಲ್ಲ. ಅದು ಆಕ್ಸಲ್ಲಿನಲ್ಲೇ ಇದೆಯಲ್ಲ, ಟೈರಿನಿಂದ ಮಾತ್ರ ಏರುತ್ತದೆ. ಹಾಗಂತ ಲಿಫ್ಟ್ ದಂಡ ಅಂತಲ್ಲ. ಪಿಕಪ್‌ಗಳು ಉದ್ದ, ಟೊಯೋಟಾ ಹೈಲಕ್ಸ್‌ನ ನಾಲ್ಕು ಬಾಗಿಲಿನ ಮಾಡೆಲ್ಲಿನ ಎರಡು ಆಕ್ಸಲ್ ನಡುವೆಯೇ 3085 ಮಿ.ಮೀ. ಇದೆ. ದಿಬ್ಬದ ನೆತ್ತಿ ಹತ್ತಿ ಇಳಿಯುವಾಗ ಹೊಟ್ಟೆ ತಾಗುವುದು ಇದರಿಂದಲೇ. ಅಲ್ಲಿ ಎರಡು ಇಂಚು ನಿಜವಾಗಿ ಸಹಾಯ ಮಾಡುತ್ತದೆ. ಅದಕ್ಕಿಂತ ಮೇಲೆ ಹೋದರೆ ಮುಂದಿನ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಬಾಗಿ ತಿರುಗಬಲ್ಲ ಕೀಲು) ಓರೆಯಾಗಿ ತಿರುಗುತ್ತಾ ರಬ್ಬರ್ ಬೂಟ್ ಹರಿಯುತ್ತದೆ, ಅಲೈನ್‌ಮೆಂಟ್ ಸರಿಹೋಗುವುದಿಲ್ಲ, ತಿರುವಿನಲ್ಲಿ ಗಾಡಿ ವಾಲುತ್ತದೆ. ಹಿಂದಿನ ಸ್ಪ್ರಿಂಗನ್ನು ನೀವು ಸದಾ ಹೊರುವ ತೂಕಕ್ಕೆ ತಕ್ಕಂತೆ ಆರಿಸಿ. ಖಾಲಿ ಓಡಿಸುವಾಗಲೂ 300 ಕೆಜಿ ಹೊರುವುದಕ್ಕೆ ಮಾಡಿದ ಸ್ಪ್ರಿಂಗ್ ಇದ್ದರೆ ಸೊಂಟ ನಿಮ್ಮದು, ನೀವೇ ನೋಡಿಕೊಳ್ಳಿ. ಶಾಕ್ ಅಬ್ಸಾರ್ಬರ್‌ಗೆ ಮಾತ್ರ ಜಿಪುಣತನ ಬೇಡ. ಅಲೆಅಲೆಯಾದ ಮಣ್ಣುದಾರಿಯಲ್ಲಿ ಒಂದು ಗಂಟೆ ಓಡಿದರೆ ಒಳಗಿನ ಎಣ್ಣೆ ಕಾದು ನೊರೆಯಾಗಿ, ಶಾಕ್ ಇದ್ದೂ ಇಲ್ಲದಂತಾಗುತ್ತದೆ.

ಸ್ನಾರ್ಕೆಲ್ ಹಾಕಿಸಿದ ಕೂಡಲೇ ಗಾಡಿ ದೋಣಿಯಾಯಿತು ಅಂತ ನಂಬಿದವರಲ್ಲಿ ನಾನೂ ಒಬ್ಬ. ಬಾನೆಟ್ ಹತ್ತಿರದವರೆಗೂ ನೀರಿದ್ದ ಹೊಳೆ ದಾಟಿದೆ, ಇಂಜಿನ್ ಕೆಮ್ಮಲೂ ಇಲ್ಲ. ತಿಂಗಳಾದ ಮೇಲೆ ಹಿಂದಿನ ಹೌಸಿಂಗಿನ ಬೋಲ್ಟ್ ಬಿಚ್ಚಿದರೆ ಎಣ್ಣೆ ಹಾಲಿನಂತೆ ಬೆಳ್ಳಗೆ ಇಳಿಯಿತು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಅದು ಸೀಲು, ಬ್ರೀದರ್ (ಒಳಗಿನ ಗಾಳಿ ಆಡುವ ತೂತು) ಎಲ್ಲ ಕಡೆಯಿಂದ ನೀರು ಹೀರಿಕೊಳ್ಳುತ್ತದೆ. ಒಂದು ರಬ್ಬರ್ ಪೈಪ್ ಎಳೆದು ಬ್ರೀದರನ್ನು ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿದ್ದರೆ ಇದು ತಪ್ಪುತ್ತಿತ್ತು. ಹೌಸಿಂಗ್ ಎರಡು, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎಲ್ಲಕ್ಕೂ ಈ ಪೈಪ್ ಹಾಕಿಸಿ. ಸ್ನಾರ್ಕೆಲ್ ಆಮೇಲೆ. ನೀರಿಗಿಂತ ಧೂಳಿಗೇ ಅದರ ಉಪಯೋಗ ಹೆಚ್ಚು, ಏರ್ ಫಿಲ್ಟರಿಗೆ ಮೇಲಿನ ಶುದ್ಧ ಗಾಳಿ ಸಿಗುತ್ತದೆ. ಅಂದ ಹಾಗೆ ಸ್ನಾರ್ಕೆಲ್ ಇಲ್ಲದೆಯೇ ಫೋರ್ಡ್ ರೇಂಜರ್‌ಗೆ 800 ಮಿ.ಮೀ., ಹೈಲಕ್ಸ್‌ಗೆ 700 ಮಿ.ಮೀ. ನೀರಿನ ಆಳ ದಾಟಬಹುದು ಅಂತ ಕಂಪನಿಗಳೇ ಹೇಳಿವೆ. ಇಂಜಿನ್ ಒಳಗೆ ನೀರು ಹೋದರೆ ಮಾತ್ರ ಕಥೆ ಮುಗಿಯಿತು. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಎಳೆಯುವ ಸಾಮಾನು: ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಕೊಂಡಿ, ತೂಕದ ಮಿತಿ ಅಚ್ಚಾಗಿರುವ ಶ್ಯಾಕಲ್ (ಹಗ್ಗ ಸೇರಿಸುವ ಯು ಆಕಾರದ ಕೊಂಡಿ), ಹಿಗ್ಗುವ ನೈಲಾನ್ ಹಗ್ಗ, ಚಕ್ರದ ಕೆಳಗೆ ಇಡುವ ಎರಡು ಹಲಗೆ, ಉದ್ದ ಹಿಡಿಯ ಸಲಿಕೆ. ಟ್ರೈಲರ್ ಕಟ್ಟುವ ಗುಂಡು ಇದೆಯಲ್ಲ, ಅದಕ್ಕೆ ಹಗ್ಗ ಹಾಕಿ ಯಾರಾದರೂ ಎಳೆಯಲು ಬಂದರೆ ಬೇಡ ಅನ್ನಿ. ಅದು ಮುರಿದರೆ ಗುಂಡಿನಂತೆಯೇ ಹಾರುತ್ತದೆ, ಜನ ಸತ್ತಿದ್ದಾರೆ. ಒಬ್ಬರೇ ಹೋಗುವುದಾದರೆ ವಿಂಚ್ ಇರಲಿ, ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು. ಅದರ ಮೇಲೆ ಬರೆದಿರುವ ಬಲ ಡ್ರಮ್ಮಿನ ಮೊದಲ ಸುತ್ತಿನಲ್ಲಿ ಮಾತ್ರ ಸಿಗುವುದು. ಎರಡು ಗಾಡಿ ಜೊತೆಯಾಗಿ ಹೋಗುವುದಾದರೆ ಆ 35 ಕೆಜಿ ಉಳಿಸಿ.

ಇನ್ನು ನಿಮ್ಮ ರೀಮ್ಯಾಪ್. ಲೋ ರೇಂಜ್ ಹಾಕಿದ ಕ್ಷಣದಲ್ಲೇ ಚಕ್ರಕ್ಕೆ ಹೋಗುವ ಟಾರ್ಕ್ (ತಿರುಗಿಸುವ ಬಲ) ಸುಮಾರು ಎರಡೂವರೆ ಪಟ್ಟಾಗುತ್ತದೆ. ಯಾವ ರೀಮ್ಯಾಪ್ ಅಷ್ಟು ಕೊಡುತ್ತದೆ ಹೇಳಿ? ಹುಗಿದ ಗಾಡಿಗೆ ಬೇಕಾದದ್ದು ಹಿಡಿತ. ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೆ ಹೆಚ್ಚಿನ ಪವರ್ ಆ ಚಕ್ರವನ್ನೇ ಇನ್ನಷ್ಟು ಜೋರಾಗಿ ತಿರುಗಿಸುತ್ತದೆ. ಆ ದುಡ್ಡಿಗೆ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫ್ ಲಾಕ್ ಹಾಕಿಸಿ, ಕಂಪನಿಯೇ ಕೊಟ್ಟಿದ್ದರೆ ಇನ್ನೂ ಸರಿ. ರೀಮ್ಯಾಪ್ ಮಾಡಿಸಿದರೆ ಟರ್ಬೊ ಕಾಯುತ್ತದೆ, ಕ್ಲಚ್ ಸವೆಯುತ್ತದೆ, ಊರಿಂದ ದೂರದಲ್ಲಿ ಕೈಕೊಟ್ಟರೆ ಸ್ಥಳೀಯ ಮೆಕ್ಯಾನಿಕ್‌ಗೆ ತಲೆಬುಡ ತಿಳಿಯುವುದಿಲ್ಲ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಇಂಜಿನ್ ಆದರೆ ಒಂದು ಎಚ್ಚರಿಕೆ. ದಿನಗಟ್ಟಲೆ ತೆವಳುತ್ತಾ ಓಡಿಸಿದರೆ ಅದು ಮಸಿಯಿಂದ ತುಂಬುತ್ತದೆ, ಆಗಾಗ ಅರ್ಧ ಗಂಟೆ ಹೈವೇ ವೇಗದಲ್ಲಿ ಓಡಿಸಿ. ಮಸಿ ಸುಡುವಾಗ ಒಳಗೆ ಸುಮಾರು 600 ಡಿಗ್ರಿ ಇರುತ್ತದೆ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಸಂಪ್ ಗಾರ್ಡ್ (ಇಂಜಿನ್ ಕೆಳಗಿನ ರಕ್ಷಣೆಯ ತಗಡು) ಮೇಲೆ ಸಿಕ್ಕ ಹುಲ್ಲನ್ನು ಸಂಜೆ ಬಗ್ಗಿ ಎಳೆದು ತೆಗೆಯಿರಿ.

ಟೆಂಟ್ ಬಗ್ಗೆ: ಓಡುವಾಗ ಟಾಪ್ ಎಷ್ಟು ಹೊರಬಹುದು ಅನ್ನುವುದು ಮ್ಯಾನುಯಲ್‌ನಲ್ಲಿದೆ, ನೋಡಿ. ನನ್ನದನ್ನು ಮಾರಿ ನೆಲದ ಟೆಂಟ್ ತಗೊಂಡೆ. ಓರೆ ದಾರಿಯಲ್ಲಿ ಗಾಡಿ ತೂಗಾಡುವುದು ಕಮ್ಮಿಯಾಯಿತು. ಮಧ್ಯರಾತ್ರಿ ಏಣಿ ಇಳಿಯುವ ಕಷ್ಟವೂ ತಪ್ಪಿತು.

ಸ್ಪ್ರಿಂಗ್ ಯಾವುದು ಅಂತ ಈಗಲೇ ಹೇಳಲಾರೆ. ಪ್ರವಾಸಕ್ಕೆ ಹೊರಡುವ ಹಾಗೇ ಎಲ್ಲ ತುಂಬಿ, ಜನರನ್ನೂ ಕೂರಿಸಿ ವೇಬ್ರಿಡ್ಜಿಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಆಮೇಲೆ ಪೂರ್ತಿ ಗಾಡಿಯ ತೂಕ. ಆ ಎರಡು ಅಂಕಿ ತಿಳಿಸಿ, ನೋಡೋಣ.