ಉರುಗ್ವೆ ಗೆದ್ದಿತಲ್ಲ, ಇನ್ನೇನು?

‘ದೇಶಗಳ ನಡುವಿನ ಹೂಡಿಕೆ ಒಪ್ಪಂದಗಳ ಬಲದಿಂದ ವಿದೇಶಿ ಹೂಡಿಕೆದಾರರು ಸರ್ಕಾರಗಳ ಮೇಲೆ, ಕೋರ್ಟುಗಳ ಹೊರಗೆ, ಮಧ್ಯಸ್ಥಿಕೆ ಮಂಡಳಿಗಳಲ್ಲಿ ಹೂಡುವ ದಾವೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಹರಿಹಾಯ್ದಿದ್ದೀರಿ. ಆದರೆ ಸಿಗರೇಟು ಕಂಪನಿಯ ಎದುರು ಉರುಗ್ವೆ ಗೆದ್ದಿತಲ್ಲ? ವ್ಯವಸ್ಥೆ ಸರಿಯಿದೆ ಎನ್ನಲು ಇನ್ನೇನು ಬೇಕು?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಉತ್ತರ: ಇಷ್ಟು ಚುರುಕಾದ ಪ್ರಶ್ನೆ ಕೇಳಿದ ನೀವು ಇಷ್ಟು ಸುಲಭವಾಗಿ ಸಮಾಧಾನಪಟ್ಟುಕೊಂಡಿರಲ್ಲ, ಅದೇ ನನಗೆ ಬೇಸರ.

ಉರುಗ್ವೆ ಗೆದ್ದದ್ದು ನಿಜ. ಸಿಗರೇಟು ಪೊಟ್ಟಣದ ಶೇ 80ರಷ್ಟು ಭಾಗ ಆರೋಗ್ಯದ ಎಚ್ಚರಿಕೆಗೆ ಮೀಸಲು ಎಂದದ್ದಕ್ಕೆ 2010ರಲ್ಲಿ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ದಾವೆ ಹೂಡಿತು. ತೀರ್ಪು ಬಂದದ್ದು 2016ರಲ್ಲಿ. ಉರುಗ್ವೆ ಖರ್ಚು ಮಾಡಿದ್ದು ಒಂದು ಕೋಟಿ ಡಾಲರಿಗೂ ಹೆಚ್ಚು. ಕಂಪನಿಯಿಂದ ಕೊಡಿಸಿದ್ದು 70 ಲಕ್ಷ. ನಡುವೆ ಅಮೆರಿಕದ ಸಿರಿವಂತ ಮೈಕೆಲ್ ಬ್ಲೂಮ್‌ಬರ್ಗ್ ಅವರ ದತ್ತಿಸಂಸ್ಥೆ ಕೈಹಿಡಿಯಬೇಕಾಯಿತು. ಅದೇ ಕಂಪನಿ ಆಸ್ಟ್ರೇಲಿಯಾದ ಮೇಲೆ ಬಿದ್ದಾಗ, ಆ ವ್ಯಾಜ್ಯಗಳ ಗತಿ ನೋಡೋಣವೆಂದು ನ್ಯೂಜಿಲೆಂಡ್ ಸಿಗರೇಟು ಪೊಟ್ಟಣಗಳ ಕುರಿತ ತನ್ನ ಕಾನೂನನ್ನು ತಡೆಹಿಡಿಯಿತು. ಸೋಲು ಗೆಲುವಿನ ಪಟ್ಟಿಯಲ್ಲಿ ಹೀಗೆ ಅಳುಕಿ ಕೂತವರ ಹೆಸರು ಬರುವುದಿಲ್ಲ, ಸ್ವಾಮಿ.

ಹೂಡಿಕೆದಾರರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಭಾರತದ ಕೋರ್ಟುಗಳಲ್ಲಿ ಒಂಬತ್ತು ವರ್ಷಕ್ಕೂ ಮಿಕ್ಕಿ ಅಲೆದು, 2011ರಲ್ಲಿ ಒಪ್ಪಂದದ ಬಲದಿಂದಲೇ ಹಣ ಪಡೆಯಿತು. ಸರ್ಕಾರಗಳೇನು ಸಾಚಾ ಅಲ್ಲ. ಆಯಿತು, ಒಪ್ಪಿದೆ.

ನನ್ನ ನಿದ್ದೆ ಕೆಡಿಸುವುದು ಬೊಲಿವಿಯಾದ ಕೊಚಬಂಬ. 1999ರಲ್ಲಿ ಆ ಊರಿನ ನೀರನ್ನು 40 ವರ್ಷಕ್ಕೆ ಖಾಸಗಿ ಕೂಟವೊಂದಕ್ಕೆ ವಹಿಸಿದರು. ದರ ಏರಿತು, ಜನ ಬೀದಿಗಿಳಿದರು, 17 ವರ್ಷದ ಹುಡುಗನೊಬ್ಬ ಗುಂಡಿಗೆ ಬಲಿಯಾದ, ಗುತ್ತಿಗೆ ರದ್ದಾಯಿತು. ಕಂಪನಿ ಅಷ್ಟರಲ್ಲಾಗಲೇ ತನ್ನ ಒಡೆತನವನ್ನು ಕಾಗದದ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಸಾಗಿಸಿಯಾಗಿತ್ತು. ಆ ದೇಶಕ್ಕೂ ಬೊಲಿವಿಯಾಕ್ಕೂ ಇದ್ದ ಒಪ್ಪಂದ ಹಿಡಿದು ದಾವೆಗೆ ಬಂತು. ಆಗ ಊರಿನವರು ಒಂದು ಅರ್ಜಿ ಕೊಟ್ಟರು: ನೀರು ನಮ್ಮದು, ನಮ್ಮ ಮಾತನ್ನೂ ಕೇಳಿ, ವಿಚಾರಣೆ ಬಾಗಿಲು ತೆರೆದು ನಡೆಯಲಿ. ಎರಡೂ ಪಕ್ಷ ಒಪ್ಪದೆ ಇದು ನಮ್ಮ ಅಧಿಕಾರಕ್ಕೆ ಮೀರಿದ್ದು ಎಂದು ಮಂಡಳಿ 2003ರಲ್ಲಿ ಕೈಚೆಲ್ಲಿತು. ಕೊನೆಗೆ ಜನರ ಒತ್ತಡಕ್ಕೆ ಮಣಿದು 2006ರಲ್ಲಿ ಕಂಪನಿ ಎರಡು ಬೊಲಿವಿಯಾನೊ, ಅಂದರೆ ಚಿಲ್ಲರೆ ಕಾಸಿಗೆ, ರಾಜಿ ಮಾಡಿಕೊಂಡಿತು. ಇದನ್ನೂ ನೀವು ಗೆಲುವೆಂದೇ ಬರೆದುಕೊಳ್ಳುತ್ತೀರೇನೊ. ಕಂಪನಿಯಿಂದ ಕೆಟ್ಟವರು ತಟ್ಟಬಹುದಾದ ಬಾಗಿಲು ಆ ಕಟ್ಟಡದಲ್ಲಿ ಎಲ್ಲಿತ್ತು?

ಕಂಪನಿಗಳಿಗೆ ತೆರೆದಿರುವ ಬಾಗಿಲು ಮೊದಲಿನಿಂದ ಇದ್ದದ್ದೂ ಅಲ್ಲ. 1959ರಲ್ಲಿ ಜರ್ಮನಿ ಮತ್ತು ಪಾಕಿಸ್ತಾನ ಇಂಥ ಮೊದಲ ಒಪ್ಪಂದ ಮಾಡಿಕೊಂಡಾಗ ಕಂಪನಿ ನೇರವಾಗಿ ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕು ಅದರಲ್ಲಿರಲಿಲ್ಲ. ಆಮೇಲಿನ ಒಪ್ಪಂದಗಳಲ್ಲಿ ಸೇರಿಕೊಂಡಿತು. ಯಾವ ಸಂಸತ್ತಿನಲ್ಲಿ ಎಷ್ಟು ಹೊತ್ತು ಚರ್ಚೆಯಾಗಿ ಸೇರಿತು ಎಂದು ಕೇಳಿದರೆ ನಗು ಬರುತ್ತದೆ. ಹಳೆಯ ಒಪ್ಪಂದಗಳು ತೀರಾ ಉದ್ದವೂ ಅಲ್ಲ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ‘ನ್ಯಾಯಯುತ ಹಾಗೂ ಸಮಾನ ನಡವಳಿಕೆ’ ಎಂಬ ಒಂದು ಸಾಲು ಇರುತ್ತದೆ, ನೋಡಿ. ಯಾರು ತಾನೆ ಬೇಡವೆಂದಾರು? ಕೋಟ್ಯಂತರ ಡಾಲರುಗಳ ದಾವೆಗಳು ನೇತಾಡುವುದು ಅದೇ ಗೂಟಕ್ಕೆ.

ಇದರಲ್ಲಿ ನಮ್ಮ ಪತ್ರಿಕಾ ವೃತ್ತಿಯ ಪಾಲೂ ಇದೆ. ಸಹಿಯ ದಿನ ಕೈಕುಲುಕುವ ಫೋಟೊ, ದಂಡ ಬಿದ್ದ ದಿನ ಮೊತ್ತದ ತಲೆಬರಹ. ನಡುವಿನ ಕಲಮುಗಳನ್ನು ಓದುವವರಿಲ್ಲ. ಮೇಜಿನ ಮೇಲೆ ಎರಡು ಪುಟ್ಟ ಬಾವುಟ, ತೆರೆದಿಟ್ಟ ಚರ್ಮದ ಹೊದಿಕೆಯ ಕಡತ, ನಗುವ ಇಬ್ಬರು ಮಂತ್ರಿಗಳು: ಅಂಥ ಎಷ್ಟೋ ಚಿತ್ರಗಳಿಗೆ ಅಡಿಬರಹ ಬರೆದವನು ನಾನು. ಆ ಕಡತದಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ.