ಹೊಸ ವೀಣೆ ಮಾಡಿಸುವವರ ಪ್ರಶ್ನೆಗಳು

ಪ್ರಶ್ನೆ: ಮಗಳಿಗೆ 13 ವರ್ಷ, ವೀಣೆಯಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ್ದಾಳೆ. ಅವಳಿಗೆಂದೇ ಒಂದು ವೀಣೆ ಮಾಡಿಸಬೇಕು. ಬಳೇಪೇಟೆಯಲ್ಲಿ ವಿಚಾರಿಸಿದರೆ ಏಕಾಂಡವೋ, ಜೋಡಿಸಿದ್ದೋ ಎಂದು ಕೇಳುತ್ತಾರೆ. ಬೆಲೆಯಲ್ಲಿ ತುಂಬ ಅಂತರ. ಯಾವುದು ಸರಿ?
– ಓದುಗರು, ಮಲ್ಲೇಶ್ವರ

ಉತ್ತರ: ಜೋಡಿಸಿದ್ದೇ ಸಾಕು, ಆದರೆ ಮರ ಚೆನ್ನಾಗಿ ಒಣಗಿರಬೇಕು. ಏಕಾಂಡ ಎಂದರೆ ಇಡೀ ವೀಣೆಯನ್ನು ಒಂದೇ ಮರದಲ್ಲಿ ಕೆತ್ತಿದ್ದು. ಅದಕ್ಕೆ ದೊಡ್ಡ ಹಲಸಿನ ದಿಮ್ಮಿ ಬೇಕು, ಕೆತ್ತುವಾಗ ಬಹುಪಾಲು ಮರ ಸಿಪ್ಪೆಯಾಗಿ ಹೋಗುತ್ತದೆ. ಬೆಲೆ ಏರುವುದು ಅದರಿಂದ. ಒಂದೇ ಮರವಾದ್ದರಿಂದ ಬೆಸುಗೆ ಬಿಡುವ ಭಯವಿಲ್ಲ, ನಾದವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗೆಂದು ಹಸಿ ಮರದ ಏಕಾಂಡ ಕೊಂಡರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬೆಂಗಳೂರಿನ ಒಣ ಹವೆಗೆ ಕೊಡ (ವೀಣೆಯ ದುಂಡನೆಯ ಒಡಲು) ಬಿರುಕು ಬಿಡಬಹುದು. ಏಕಾಂಡ ಎಂದು ಹೇಳಿದರೆ ಕೊಡ, ದಂಡಿ (ಉದ್ದನೆಯ ಕತ್ತು), ಯಾಳಿ (ತುದಿಯ ಕೆತ್ತಿದ ತಲೆ) ಮೂರೂ ಒಂದೇ ಮರವೇ ಎಂದು ಬಿಡಿಸಿ ಕೇಳಿ.

ಬಣ್ಣ ಹಚ್ಚುವ ಮುಂಚೆ ಒಮ್ಮೆ ಹೋಗಿ ಮರ ನೋಡುವುದು ಬಹಳ ಮುಖ್ಯ. ಬಣ್ಣ ಬಿದ್ದ ಮೇಲೆ ಏನೂ ಕಾಣುವುದಿಲ್ಲ. ಚೇಗಿನ (ಮರದ ಒಳಗಿನ ಗಟ್ಟಿ ತಿರುಳಿನ) ಭಾಗ ಹಳದಿಯಿಂದ ಕಂದಿಗೆ ತಿರುಗಿರುತ್ತದೆ. ಹೊರಗಿನ ಬಿಳಿ ಮರ ಎಲ್ಲಾದರೂ ಉಳಿದಿದ್ದರೆ ಹುಳು ಹಿಡಿಯುವುದು ಅಲ್ಲಿಂದಲೇ. ಜೋಡಿಸಿದ ವೀಣೆಯಲ್ಲಿ ಕೊಡ ಮತ್ತು ದಂಡಿ ಸೇರುವ ಜಾಗವನ್ನು ಗಮನಿಸಿ. ತಂತಿಯ ಎಳೆತಕ್ಕೆ ಆ ಬೆಸುಗೆ ವರ್ಷಗಳಲ್ಲಿ ಬಾಗಿದರೆ ತಂತಿ ಮೆಟ್ಟಿಲಿನಿಂದ (ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿ) ಮೇಲೇಳುತ್ತದೆ, ಎಷ್ಟು ಒತ್ತಿದರೂ ಸ್ವರ ಸ್ವಚ್ಛವಾಗಿ ಬರುವುದಿಲ್ಲ.

ಇನ್ನು ಅಳತೆ. ಮಗಳನ್ನು ಕರೆದುಕೊಂಡೇ ಹೋಗಿ, ಅಂಗಡಿಯಲ್ಲಿರುವ ವೀಣೆಯೊಂದನ್ನು ಹಿಡಿಸಿ ಕೂರಿಸಿ. ಸೋರೆ ಬುರುಡೆ ಎಡತೊಡೆಯ ಮೇಲಿದ್ದಾಗ, ಭುಜ ಎತ್ತದೆ, ಮುಂದಕ್ಕೆ ವಾಲದೆ, ಎಡಗೈ ಮೇರುವಿನ (ಯಾಳಿಯ ಕಡೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಪಕ್ಕದ ಮೊದಲ ಮೆಟ್ಟಿಲಿಗೆ ಸಿಗಬೇಕು. ಸಿಗದಿದ್ದರೆ ಸ್ವಲ್ಪ ಗಿಡ್ಡ ದಂಡಿ, ಸಣ್ಣ ಬುರುಡೆ ಹೇಳಿ. ಬುರುಡೆಯಿಂದ ನಾದಕ್ಕೆ ಸಿಗುವುದು ಅಲ್ಪ, ಅದರ ಮುಖ್ಯ ಕೆಲಸ ವೀಣೆಯನ್ನು ತೊಡೆಯ ಮೇಲೆ ನಿಲ್ಲಿಸುವುದು. ತಿರುಗಿಸಿ ಬಿಚ್ಚುವಂಥ ಫೈಬರ್ ಬುರುಡೆ ಹಗುರ, ಪೆಟ್ಟಿಗೆಯಲ್ಲೂ ಸಲೀಸಾಗಿ ಕೂರುತ್ತದೆ.

ಪ್ರಶ್ನೆ: ನಾನು ಹಾಡುವುದು ಐದೂವರೆ (G#) ಶ್ರುತಿಯಲ್ಲಿ. ಮಾಡಿಸುವ ವೀಣೆಯೂ ಅದೇ ಶ್ರುತಿಗೆ ನಿಲ್ಲಬೇಕೆಂದು ಕೇಳಬಹುದೇ?
– ಓದುಗರು, ಬಸವನಗುಡಿ

ಉತ್ತರ: ಕೇಳಬೇಡಿ. ಪೂರ್ಣ ಅಳತೆಯ ವೀಣೆ ಸುಖವಾಗಿ ನುಡಿಯುವುದು ಮೂರು (E), ನಾಲ್ಕರ (F) ಆಸುಪಾಸಿನಲ್ಲಿ. ಅದೇ ಉದ್ದ, ಅದೇ ತಂತಿ ಇಟ್ಟುಕೊಂಡು ಮೂರರಿಂದ ಐದೂವರೆಗೆ ಏರಿಸಿದರೆ ನಾಲ್ಕು ಅರ್ಧಸ್ವರ ಮೇಲೆ ಹೋದಂತೆ. ಆಗ ತಂತಿಯ ಬಿಗಿ ಶೇ. 59ರಷ್ಟು ಹೆಚ್ಚುತ್ತದೆ. ವೀಣೆಯ ಗಮಕವೆಲ್ಲ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆಯುವುದರಲ್ಲಿದೆ. ಅಷ್ಟು ಬಿಗಿ ತಂತಿಯಲ್ಲಿ ಒಂದೇ ಮೆಟ್ಟಿಲಿನಿಂದ ಎರಡು ಮೂರು ಸ್ವರ ಎಳೆಯಲು ಬೆರಳಿಗೆ ಆಗುವುದಿಲ್ಲ, ತೋಡಿಯ ಗಾಂಧಾರ ಅಲ್ಲಾಡದೆ ನಿಂತುಬಿಡುತ್ತದೆ. ಕೊಡದ ಮೇಲುಹಲಗೆ ಕುದುರೆಯ (ಅದರ ಮೇಲೆ ನಿಂತು ತಂತಿಗಳನ್ನು ಹೊರುವ ತುಂಡು) ಕೆಳಗೆ ತಗ್ಗುವ ಅಪಾಯ ಬೇರೆ. ಬಿಗಿ ಹೆಚ್ಚದಂತೆ ತಂತಿಯನ್ನೇ ಗಿಡ್ಡ ಮಾಡೋಣವೆಂದರೆ ಉದ್ದವನ್ನು ಐದನೇ ಒಂದು ಭಾಗ ಕಡಿತ ಮಾಡಬೇಕು. ಆಗ ತಾರಸ್ಥಾಯಿಯ ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಬರುತ್ತವೆ.

ಶ್ರುತಿ ನಾಲ್ಕು ಎಂದು ನಿಶ್ಚಯಿಸಿ ಆರ್ಡರ್ ಚೀಟಿಯಲ್ಲಿ ಬರೆಸಿ. ಜೊತೆಗೆ ತಂತಿಯ ದಪ್ಪವನ್ನೂ ಬರೆಸಿ: ಸಾರಣಿಗೆ (ನುಡಿಸುವ ಮುಖ್ಯ ತಂತಿ) ಉಕ್ಕಿನ ತಂತಿ 0.30ರಿಂದ 0.35 ಮಿ.ಮೀ. ಒಳಗೆ, ಪಂಚಮಕ್ಕೆ ಅದಕ್ಕಿಂತ ಸ್ವಲ್ಪ ದಪ್ಪದ ಉಕ್ಕು, ಮಂದ್ರ, ಅನುಮಂದ್ರಗಳಿಗೆ ಹಿತ್ತಾಳೆ ಅಥವಾ ಸುತ್ತಿದ ತಂತಿ. ನೀವು ಮುಂದೆ ಬಳಸುವ ತಂತಿಯನ್ನೇ ಹಾಕಿ, ಆ ನಾಲ್ಕರ ಶ್ರುತಿಗೇ ಏರಿಸಿ ಮೇಳ ಕಟ್ಟಬೇಕು, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಬೇಕು. ಬೇರೆ ದಪ್ಪದ ತಂತಿಯಲ್ಲಿ ಕಟ್ಟಿದ ಮೇಳ ಮನೆಗೆ ಬಂದ ಮೇಲೆ ತಾಳೆಯಾಗುವುದಿಲ್ಲ, ಏಕೆಂದರೆ ಒತ್ತಿದಾಗ ಒಂದೊಂದು ತಂತಿ ಒಂದೊಂದಷ್ಟು ಏರುತ್ತದೆ. ಕೆತ್ತನೆಗೆ ಇಟ್ಟ ಹಣದಲ್ಲಿ ಸ್ವಲ್ಪ ಉಳಿಸಿ, ಆರು ತಿಂಗಳ ನಂತರ ಇನ್ನೊಮ್ಮೆ ಮೇಳ ಸರಿಪಡಿಸಿಕೊಡುವ ಮಾತನ್ನು ಈಗಲೇ ಮುಗಿಸಿಕೊಳ್ಳಿ. ಹೊಸ ಮೇಣ, ಹೊಸ ಮರ ಎರಡೂ ಮೊದಲ ವರ್ಷದಲ್ಲಿ ಕೂರುತ್ತಾ ಹೋಗುತ್ತವೆ.

ಪ್ರಶ್ನೆ: ತಂತಿ ಬಿಗಿಸಲು ಮರದ ಬಿರಡೆಯೋ, ಗಿಟಾರ್ ಕೀಲಿಯೋ? ಮೆಟ್ಟಿಲು ಹಿತ್ತಾಳೆಯೋ, ಕಂಚೋ?
– ಓದುಗರು, ವಿಜಯನಗರ

ಉತ್ತರ: ಒಬ್ಬರೇ ಅಭ್ಯಾಸ ಮಾಡುವವರಿಗೆ ಗಿಟಾರ್ ಕೀಲಿ ಉಪಕಾರಿ. ಮಳೆಗಾಲದಲ್ಲಿ ಉಬ್ಬಿ ಬಿಗಿಯುವುದು, ಬೇಸಿಗೆಯಲ್ಲಿ ಜಾರುವುದು ತಪ್ಪುತ್ತದೆ. ಆದರೆ ಏಳೂ ಲೋಹದ ಕೀಲಿಯಾದರೆ ಎಡಭಾಗ ಭಾರವಾಗುತ್ತದೆ, ತೊಡೆಯ ಮೇಲೆ ತೂಗಿ ನೋಡಿಯೇ ಒಪ್ಪಿಕೊಳ್ಳಿ. ಮರದ ಬಿರಡೆ ಬಯಸಿದರೆ ನಾಗಪಾಶದ (ಕೊಡದ ಕಡೆ ತಂತಿಗಳನ್ನು ಕಟ್ಟುವ ಭಾಗ) ಬಳಿ ಸೂಕ್ಷ್ಮ ಶ್ರುತಿಗೆ ಲಂಗರು ಹಾಕಿಸಲೇಬೇಕು. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಸಾಕು, ಎಣ್ಣೆ ಬೇಡ.

ಮೆಟ್ಟಿಲು ಕಂಚಿನದ್ದೇ ಇರಲಿ. ಹಿತ್ತಾಳೆ ಮೆದು, ಸಾರಣಿಯ ಕೆಳಗೆ ಬೇಗ ಗೀರು ಬೀಳುತ್ತದೆ. ತಂತಿ ಎಳೆಯುವಾಗ ಆ ಗೀರಿನಲ್ಲಿ ಸಿಕ್ಕಿಕೊಂಡು ಗಮಕ ಕಡಿಯುತ್ತದೆ.

ಪ್ರಶ್ನೆ: ಹೊಸ ವೀಣೆ ಬಂದು ಎರಡು ತಿಂಗಳಾಗಿದೆ. ಕೆಲವು ಕಡೆ ಝರ್ರೆನ್ನುತ್ತದೆ, ಮೇಲಿನ ಸ್ವರಗಳು ಏರಿದಂತೆ ಕೇಳುತ್ತವೆ. ಹಿಂದಿರುಗಿಸಬೇಕೇ?
– ಓದುಗರು, ರಾಜರಾಜೇಶ್ವರಿನಗರ

ಉತ್ತರ: ಮೊದಲು ಪರೀಕ್ಷಿಸಿ. ಬಿಟ್ಟ ತಂತಿಯೂ ಝರ್ರೆಂದರೆ ದೋಷ ಮೇರುವಿನಲ್ಲಿ ಅಥವಾ ಕುದುರೆಯ ಹಿತ್ತಾಳೆ ತಗಡಿನಲ್ಲಿ. ತಗಡಿನ ಬಾಗು ತಪ್ಪಿದ್ದರೆ ಅಥವಾ ತಂತಿ ಅದರಲ್ಲಿ ಗೀರು ಕೊರೆದಿದ್ದರೆ ಹೀಗಾಗುತ್ತದೆ. ಒಂದೇ ಮೆಟ್ಟಿಲಿನಲ್ಲಿ ಮಾತ್ರ ಝರ್ರೆಂದರೆ ಅದರ ಮುಂದಿನ ಮೆಟ್ಟಿಲು ಎತ್ತರವಾಗಿದೆ, ಅಥವಾ ಒತ್ತಿದ ಮೆಟ್ಟಿಲೇ ಮೇಣದಲ್ಲಿ ತಗ್ಗಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವೀಣೆ ಬಿಟ್ಟಿದ್ದರೆ ಮೇಣ ಮೆದುವಾಗಿ ಮೆಟ್ಟಿಲು ಸರಿದಿರುವುದು ಬಹುತೇಕ ಖಚಿತ.

ಸ್ವರ ಏರುವುದಕ್ಕೆ ಕಾರಣ ಬೇರೆ. 24 ಮೆಟ್ಟಿಲುಗಳಲ್ಲಿ 12ನೆಯದು ತಂತಿಯ ನಟ್ಟನಡುವೆ ಇರಬೇಕು. ಉದ್ದ 32 ಅಂಗುಲವಾದರೆ ಅದು ಮೇರುವಿನಿಂದ 16ರಲ್ಲಿ, ಕೊನೆಯದು 24ರ ಆಸುಪಾಸಿನಲ್ಲಿ ಬರುತ್ತದೆ. ಮೇಲೆ ಹೋದಂತೆ ಸ್ವರ ಹೆಚ್ಚು ಹೆಚ್ಚು ಏರುತ್ತಿದ್ದರೆ ಮೆಟ್ಟಿಲುಗಳಲ್ಲಿ ತಪ್ಪಿಲ್ಲ, ಕುದುರೆ ಮೆಟ್ಟಿಲುಗಳ ಕಡೆಗೆ ಸರಿದಿದೆ. ಕುದುರೆ ನಿಂತಿರುವುದು ತಂತಿಯ ಒತ್ತಡದಿಂದ. ಎಲ್ಲ ತಂತಿ ಒಟ್ಟಿಗೆ ಬಿಚ್ಚಿದಾಗ ಜರುಗುವುದು ಇದಕ್ಕೇ. ಮೇಳ ಸರಿಯಿದ್ದ ದಿನವೇ ಕುದುರೆಯ ಕಾಲುಗಳ ಸುತ್ತ ಪೆನ್ಸಿಲ್ ಗುರುತು ಹಾಕಿಡಬೇಕು, ತಂತಿಗಳನ್ನು ಒಂದೊಂದಾಗಿ ಬದಲಿಸಬೇಕು. ನಿಮ್ಮ ವೀಣೆಯ ಕುದುರೆಯನ್ನು ತಯಾರಕರ ಕೈಯಲ್ಲೇ ಸರಿಸಿಸಿ. ಹಿಂದಿರುಗಿಸುವ ಮಾತು ಅದಾದ ಮೇಲೆ.

ಪ್ರಶ್ನೆ: ದಂತದ ಕುಸುರಿ ಬೇಕೆಂದು ಮನೆಯ ಹಿರಿಯರ ಆಸೆ.
– ಓದುಗರು, ಚಾಮರಾಜಪೇಟೆ

ಉತ್ತರ: ಸಾಧ್ಯವಿಲ್ಲ. ದಂತ, ಜಿಂಕೆ ಕೊಂಬು ಎರಡರ ಮಾರಾಟವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪ್ಲಾಸ್ಟಿಕ್ ಪಟ್ಟಿಯ ಕುಸುರಿ ನೋಡಲು ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಮಗ ಎಡಗೈಯವನು. ಎಡಗೈ ವೀಣೆ ಮಾಡಿಸಲೇ?
– ಓದುಗರು, ಯಲಹಂಕ

ಉತ್ತರ: ಈಗಷ್ಟೇ ಕಲಿಯಲು ಕೂರುವವನಾದರೆ ಬೇಡ. ವೀಣೆಯಲ್ಲಿ ಕಷ್ಟದ ಕೆಲಸ ಎಡಗೈಯದ್ದೇ, ಅವನಿಗೆ ಅದು ಅನುಕೂಲವೇ ಆಯಿತು. ಮಾಡಿಸಲೇಬೇಕೆಂದರೆ ತಂತಿ ಅದಲುಬದಲು ಮಾಡಿದರೆ ಸಾಲದು. ತಾಳದ ಮೂರು ತಂತಿ, ಅವುಗಳ ಪಕ್ಕದ ಕುದುರೆ, ಬಿರಡೆಗಳ ಜಾಗ ಎಲ್ಲವೂ ಆಚೆ ಬದಿಗೆ ಹೋಗಬೇಕು. ಅದನ್ನು ದಂಡಿ ಕೆತ್ತುವ ಮುಂಚೆಯೇ ಹೇಳಬೇಕು.